ರಕ್ಷಣೆಗೆ ರುಜುವಾತು ಕೇಳಿದ ಊರುಗಳು

1637ರ ಆಗಸ್ಟ್ ತಿಂಗಳಲ್ಲಿ ಬಾಸ್ಟನ್ನಿನ ಕ್ರೈಸ್ತ ಸಭೆಗೆ ಸೇರಿದ ಒಬ್ಬ ಹೆಂಗಸು ತನ್ನ ಹಸುಗೂಸನ್ನು ಬಾವಿಗೆ ಎಸೆದಳು. ಮನೆಯೊಳಗೆ ಬಂದು, ಮಗುವನ್ನು ಮುಳುಗಿಸಿದ್ದೇನೆ, ಇನ್ನು ತಾನು ನರಕಕ್ಕೆ ಹೋಗುವುದು ಖಂಡಿತ ಎಂದಳು. ಯಾರೋ ಓಡಿಹೋಗಿ ಕೂಸನ್ನು ಎತ್ತಿದರು, ಅದು ಉಳಿಯಿತು. ಮ್ಯಾಸಚೂಸೆಟ್ಸ್ ವಸಾಹತಿನ ಗವರ್ನರ್ ಜಾನ್ ವಿಂತ್ರಾಪ್ ಈ ಸಂಗತಿಯನ್ನು ತನ್ನ ದಿನಚರಿಯಲ್ಲಿ ಕೆಲವೇ ಸಾಲುಗಳಲ್ಲಿ ಮುಗಿಸಿದ್ದಾನೆ. ತನ್ನ ಆತ್ಮದ ಗತಿ ಏನೆಂದು ಆಕೆ ಬಹಳ ಕಾಲದಿಂದ ತಳಮಳಿಸುತ್ತಿದ್ದಳು ಎಂಬ ಒಂದು ಮಾತನ್ನು ಮಾತ್ರ ಸೇರಿಸಿದ್ದಾನೆ.

ನರಕಕ್ಕೆ ಹೆದರುವವರು ಯಾವ ಕಾಲದಲ್ಲೂ ಇದ್ದಾರೆ. ಈ ಹೆಂಗಸಿಗೆ ತಡೆಯಲಾಗದೆ ಹೋದದ್ದು ನರಕವಲ್ಲ, ಗೊತ್ತಾಗದೆ ಇರುವ ಸ್ಥಿತಿ. ಎರಡರಲ್ಲಿ ಒಂದು ಇತ್ಯರ್ಥವಾದರೆ ಸಾಕೆನಿಸುವಷ್ಟು ಅದು ಅವಳನ್ನು ಹಿಂಡಿತ್ತು.

ಈ ಸಂಕಟಕ್ಕೆ ಸುಮಾರು ನೂರು ವರ್ಷಗಳ ಹಿನ್ನೆಲೆ ಇತ್ತು. ಮನುಷ್ಯ ತನ್ನ ಪುಣ್ಯಕಾರ್ಯಗಳಿಂದಲ್ಲ, ನಂಬಿಕೆಯಿಂದ ಮಾತ್ರ ದೇವರ ಮುಂದೆ ನೀತಿವಂತನೆನಿಸುತ್ತಾನೆ ಎಂದು ಮಾರ್ಟಿನ್ ಲೂಥರ್ ಸಾರಿದಾಗ, ಅದು ಕಂಗೆಟ್ಟ ಮನಸ್ಸುಗಳಿಗೆ ಸಮಾಧಾನದ ಮಾತಾಗಿ ಕೇಳಿಸಿತ್ತು. ಎಷ್ಟು ಪ್ರಾಯಶ್ಚಿತ್ತ ಮಾಡಿದರೆ ಸಾಕು ಎಂಬ ಲೆಕ್ಕವೇ ಇನ್ನು ಬೇಡ, ಕ್ರಿಸ್ತನ ವಾಗ್ದಾನವನ್ನು ಹಿಡಿದುಕೊಂಡರೆ ಸಾಕು. ರೋಮ್ ಇದನ್ನು ಒಪ್ಪಲಿಲ್ಲ. ವಿಶೇಷ ಪ್ರಕಟಣೆ ದೊರೆತ ಹೊರತು, ತನಗೆ ದೇವರ ಕೃಪೆ ಸಿಕ್ಕಿದೆಯೆಂದು ಯಾರೂ ತಪ್ಪಿಲ್ಲದ ಖಚಿತತೆಯಿಂದ ಹೇಳಲಾಗದು ಎಂದು ಟ್ರೆಂಟ್ ಮಹಾಸಭೆ 1547ರ ಜನವರಿಯಲ್ಲಿ ತೀರ್ಪು ಕೊಟ್ಟಿತು. ಕ್ಯಾಥೊಲಿಕ್ಕನಿಗೆ ಇದರಿಂದ ದೊಡ್ಡ ತೊಂದರೆ ಏನೂ ಆಗಲಿಲ್ಲ. ಪಾಪನಿವೇದನೆ ಇತ್ತು, ಪೂಜೆ ಇತ್ತು, ಸಂತರಿದ್ದರು, ಸತ್ತ ಮೇಲೂ ಶುದ್ಧಿಯಾಗಲು ಒಂದು ಅವಕಾಶವಿತ್ತು. ಪ್ರಾಟೆಸ್ಟಂಟರು ಈ ಮೆಟ್ಟಿಲುಗಳಲ್ಲಿ ಹೆಚ್ಚಿನವನ್ನು ಕಿತ್ತುಹಾಕಿದ್ದರು. ಅವರಿಗೆ ನಿಶ್ಚಯ ಬೇಕೇ ಬೇಕಾಯಿತು.

ಇನ್ನೊಬ್ಬ ಸುಧಾರಕ ಕಾಲ್ವಿನ್‌ನ ಹಾದಿ ಹಿಡಿದವರಿಗೆ ಇನ್ನೂ ಒಂದು ತೊಡಕು. ಲೋಕ ಹುಟ್ಟುವ ಮೊದಲೇ ದೇವರು ಕೆಲವರನ್ನು ಆರಿಸಿಕೊಂಡಿದ್ದಾನೆ ಎಂದ ಮೇಲೆ, ಆ ಪಟ್ಟಿಯಲ್ಲಿ ನನ್ನ ಹೆಸರಿದೆಯೆ ಎಂಬ ಪ್ರಶ್ನೆ ಹುಟ್ಟದೆ ಇರುತ್ತದೆಯೆ? ಪಟ್ಟಿಯನ್ನು ಇಣುಕಿ ನೋಡಲು ಹೋಗಬೇಡಿ, ಕ್ರಿಸ್ತನನ್ನು ನೋಡಿ, ಅವನೇ ನಿಮ್ಮ ಆಯ್ಕೆಯ ಕನ್ನಡಿ ಎಂದು ಕಾಲ್ವಿನ್ ಹೇಳಿದ್ದ. ಅವನ ನಂತರ ಇಂಗ್ಲೆಂಡಿನ ಚರ್ಚನ್ನು ಇನ್ನಷ್ಟು ಶುದ್ಧಗೊಳಿಸಹೊರಟ ಪ್ಯೂರಿಟನ್ನರಿಗೆ ಅಷ್ಟು ಸಾಲಲಿಲ್ಲ. ಕೇಂಬ್ರಿಜ್‌ನ ವಿಲಿಯಂ ಪರ್ಕಿನ್ಸ್ 1591ರಲ್ಲಿ ಇಂಗ್ಲಿಷಿಗೆ ಬಂದ ತನ್ನ ‘ಚಿನ್ನದ ಸರಪಳಿ’ ಎಂಬ ಗ್ರಂಥದಲ್ಲಿ ಒಂದು ನಕ್ಷೆಯನ್ನೇ ಕೊಟ್ಟ. ಮೇಲೆ ದೇವರು, ಅಲ್ಲಿಂದ ಇಳಿಯುವ ಒಂದು ಸಾಲು ರಕ್ಷಣೆಗೆ, ಇನ್ನೊಂದು ನಾಶಕ್ಕೆ, ನಡುವೆ ಕರೆ, ನಂಬಿಕೆ, ಪಶ್ಚಾತ್ತಾಪ ಎಂದು ಬರೆದ ಸಣ್ಣ ಸಣ್ಣ ವೃತ್ತಗಳು. ನೋಡಿದರೆ ನಮ್ಮ ಪರಮಪದ ಸೋಪಾನಪಟ ನೆನಪಾಗುತ್ತದೆ, ಇಲ್ಲಿ ದಾಳ ಆಟಗಾರನ ಕೈಯಲ್ಲಿಲ್ಲ ಎನ್ನುವುದೊಂದೇ ವ್ಯತ್ಯಾಸ. ನಂಬಬೇಕೆಂಬ ಹಂಬಲವಿದ್ದರೂ ಅದು ನಂಬಿಕೆಯ ಬೀಜವೇ ಎಂದು ಪರ್ಕಿನ್ಸ್ ಕನಿಕರದಿಂದ ಹೇಳಿದ್ದ. ಓದಿದವರು ಮಾತ್ರ ಆ ಹಂಬಲವೂ ನಿಜವೋ ನಟನೆಯೋ ಎಂದು ಅಗೆಯತೊಡಗಿದರು.

ಇಷ್ಟರವರೆಗೆ ಇದು ಒಬ್ಬೊಬ್ಬರ ಅಂತರಂಗದ ವಿಷಯ. 1630ರ ದಶಕದಲ್ಲಿ ಸುಮಾರು 20,000 ಇಂಗ್ಲಿಷರು ಸಮುದ್ರ ದಾಟಿ ಮ್ಯಾಸಚೂಸೆಟ್ಸಿನ ಕಡೆಗೆ ಬಂದಾಗ ಅದು ಊರಿನ ಆಡಳಿತದ ವಿಷಯವಾಯಿತು. ಇಂಗ್ಲೆಂಡಿನಲ್ಲಿ ಊರಿನಲ್ಲಿ ಹುಟ್ಟಿದವರೆಲ್ಲ ಚರ್ಚಿನ ಸದಸ್ಯರು, ಕುಡುಕನೂ ಸೇರಿ. ಅದೇ ಕೊಳೆಯೆಂದು ಬಿಟ್ಟು ಬಂದವರು ಇಲ್ಲಿ ನಿಜವಾಗಿ ಆರಿಸಲ್ಪಟ್ಟವರನ್ನು ಮಾತ್ರ ಸಭೆಗೆ ಸೇರಿಸುವುದೆಂದು ನಿಶ್ಚಯಿಸಿದರು. ಮೊದಲು ಸಭೆಯ ಹಿರಿಯರು ಅಭ್ಯರ್ಥಿಯನ್ನು ಖಾಸಗಿಯಾಗಿ ವಿಚಾರಿಸುತ್ತಿದ್ದರು. ಬಳಿಕ ನಡತೆಯ ಬಗ್ಗೆ ಆಕ್ಷೇಪವಿದ್ದರೆ ಹೇಳಿ ಎಂದು ಸಭೆಗೆ ತಿಳಿಸುವುದು. ಕೊನೆಗೆ ಒಂದು ದಿನ ಆತ ಎಲ್ಲರ ಮುಂದೆ ಎದ್ದು ನಿಂತು, ದೇವರು ತನ್ನ ಆತ್ಮದಲ್ಲಿ ಹೇಗೆ ಕೆಲಸ ಮಾಡಿದನೆಂದು ಹೇಳಬೇಕು. ಪ್ರಶ್ನೆಗಳು ಬರುತ್ತಿದ್ದವು, ಸದಸ್ಯರು ಒಪ್ಪಿದರೆ ಒಡಂಬಡಿಕೆ, ಕೈಕುಲುಕು, ಪ್ರಭುಭೋಜನದಲ್ಲಿ ಪಾಲು. ವಸಾಹತಿನ ಚುನಾವಣೆಯಲ್ಲಿ ಮತ ಹಾಕುವ ಹಕ್ಕು ಸಭಾಸದಸ್ಯರಾದ ಗಂಡಸರಿಗೆ ಮಾತ್ರ ಎಂದು 1631ರಲ್ಲೇ ಕಾನೂನಾಗಿತ್ತು. ಹೀಗೆ ಅಂತರಂಗದ ಪ್ರಶ್ನೆಗೆ ಕೊಡುವ ಉತ್ತರ ಮತದಾರರ ಪಟ್ಟಿಯನ್ನೂ ಮುಟ್ಟಿತು. ತೊಂದರೆ ಶುರುವಾದದ್ದು ಈ ಜೋಡಣೆಯಿಂದ ಎಂದೇ ತೋರುತ್ತದೆ. ಉತ್ತರ ಹೇಳಬೇಕಾದದ್ದು ಈಗ ದೇವರಿಗಲ್ಲ, ನೆರೆಮನೆಯವನಿಗೆ.

ಆ ಸಾಕ್ಷಿಗಳು ಹೇಗಿದ್ದವೆಂದು ನಮಗೆ ತಿಳಿಯುವುದು ಒಬ್ಬನ ಶ್ರದ್ಧೆಯಿಂದ. ಮ್ಯಾಸಚೂಸೆಟ್ಸಿನ ಕೇಂಬ್ರಿಜ್ ಊರಿನ ಸಭಾಪಾಲಕ ಥಾಮಸ್ ಶೆಪರ್ಡ್ 1638ರಿಂದ ಕೆಲವು ವರ್ಷ, ತನ್ನ ಸಭೆಗೆ ಸೇರಲು ಬಂದ ಸುಮಾರು 50 ಮಂದಿಯ ಮಾತನ್ನು ಪುಟ್ಟ ಪುಸ್ತಕವೊಂದರಲ್ಲಿ ಬರೆದಿಟ್ಟ. ಅವರಲ್ಲಿ ರೈತರಿದ್ದಾರೆ, ವಿದ್ಯಾರ್ಥಿಗಳಿದ್ದಾರೆ, ಅವರಿವರ ಮನೆಗೆಲಸದ ಹುಡುಗಿಯರಿದ್ದಾರೆ. ಆಗಷ್ಟೇ ಹುಟ್ಟಿದ್ದ ಹಾರ್ವರ್ಡ್ ಕಾಲೇಜಿನ ಮೊದಲ ಅಧ್ಯಕ್ಷ ಹೆನ್ರಿ ಡನ್‌ಸ್ಟರ್ ಕೂಡ ಮನೆಗೆಲಸದವಳು ನಿಂತ ಜಾಗದಲ್ಲೇ ನಿಂತು ತನ್ನ ಕಥೆ ಹೇಳಿದ್ದಾನೆ. ಕೆಲವು ಸಭೆಗಳಲ್ಲಿ ಹೆಂಗಸರು ಬಹಿರಂಗವಾಗಿ ಮಾತಾಡುವಂತಿರಲಿಲ್ಲ; ಅವರು ಹಿರಿಯರ ಬಳಿ ಹೇಳಿದ್ದನ್ನು ಪಾಲಕನೇ ಸಭೆಗೆ ಓದುತ್ತಿದ್ದ.

ಈ ನಿವೇದನೆಗಳಲ್ಲಿ ಡಮಾಸ್ಕಸ್ಸಿನ ದಾರಿಯಲ್ಲಿ ಸಂತ ಪೌಲನಿಗೆ ಕಂಡಂಥ ಬೆಳಕನ್ನು ಹುಡುಕುವವರಿಗೆ ನಿರಾಸೆಯೇ ಗತಿ. ಒಬ್ಬರಾದ ಮೇಲೊಬ್ಬರು ಹೇಳುವುದು ಒಂದೇ: ಯಾರದೋ ಪ್ರಸಂಗ ಕೇಳಿ ಪಾಪದ ಅರಿವಾಯಿತು, ಯಾವುದೋ ವಚನದಿಂದ ಸ್ವಲ್ಪ ಆಸೆ ಹುಟ್ಟಿತು, ಅದು ಆರಿಹೋಯಿತು, ಮತ್ತೆ ಹೊತ್ತಿತು. ಹೊಸ ನಾಡಿಗೆ ಹೋದರೆ ಎಲ್ಲ ಸರಿಹೋಗುತ್ತದೆಂದು ಹಡಗು ಹತ್ತಿದವರು, ಇಳಿದ ಮೇಲೆ ಮನಸ್ಸು ಮೊದಲಿಗಿಂತ ಸತ್ತಂತಾಯಿತೆಂದು ಹೇಳಿಕೊಳ್ಳುತ್ತಾರೆ. ಅಷ್ಟೊಂದು ಉಪದೇಶ ಸಿಗುವ ಜಾಗದಲ್ಲೂ ಕರಗದ ಹೃದಯ ಎಂಥದ್ದು ಎಂಬ ಹೊಸ ಚಿಂತೆ ಬೇರೆ. ಕೇಳುವವರಿಗೂ ಬೇಕಾದದ್ದು ಇದೇ. ನನಗೆ ಕಿಂಚಿತ್ತೂ ಸಂಶಯವಿಲ್ಲ ಎಂದವನನ್ನು ಕಂಡರೆ ಹಿರಿಯರ ಹುಬ್ಬು ಏರುತ್ತಿತ್ತು. ಎಂದೂ ಅಲುಗದ ನಿಶ್ಚಯ ಕಪಟಿಯದು, ಸಂಶಯದೊಡನೆ ಗುದ್ದಾಡುತ್ತ ಬಂದದ್ದೇ ನಿಜವಾದದ್ದು ಎಂಬುದು ಅವರ ಅನುಭವದ ಮಾತು. ಪರೀಕ್ಷೆಯಲ್ಲಿ ಪಾಸಾಗಬೇಕಾದರೆ ಪಾಸಾಗುವೆನೆಂಬ ಧೈರ್ಯ ಅತಿಯಾಗಿರಬಾರದು.

ಈ ಏರ್ಪಾಡನ್ನು ಬುಡದಲ್ಲೇ ಅಲ್ಲಾಡಿಸಿದವಳು ಆ್ಯನ್ ಹಚಿನ್ಸನ್. 1634ರಲ್ಲಿ ಇಂಗ್ಲೆಂಡಿನ ಲಿಂಕನ್‌ಶೈರ್‌ನಿಂದ ಬಂದವಳು, ವ್ಯಾಪಾರಿಯ ಹೆಂಡತಿ, ಹಲವು ಮಕ್ಕಳ ತಾಯಿ, ಹೆರಿಗೆಗೆ ನೆರವಾಗುತ್ತಿದ್ದವಳು. ಬಾಣಂತಿಯರ ಕೋಣೆಯಲ್ಲಿ ಅವಳು ಕಂಡದ್ದು ಒಳ್ಳೆಯ ನಡತೆಯನ್ನು ಎಣಿಸಿ ಎಣಿಸಿ ಬಳಲಿದ್ದ ಹೆಂಗಸರನ್ನು. ಸತ್ಕಾರ್ಯಗಳನ್ನು ನೋಡಿ ರಕ್ಷಣೆಯನ್ನು ಊಹಿಸುವುದೇ ತಪ್ಪು, ಅದು ಪುಣ್ಯಕಾರ್ಯದಿಂದಲೇ ರಕ್ಷಣೆಯೆಂಬ ‘ಕ್ರಿಯೆಗಳ ಒಡಂಬಡಿಕೆ’ಗೆ ಹಿಂತಿರುಗಿದಂತೆ, ಪವಿತ್ರಾತ್ಮನೇ ನೇರವಾಗಿ ಸಾಕ್ಷಿ ಕೊಡುತ್ತಾನೆ ಎಂದು ಅವಳು ತನ್ನ ಮನೆಯ ಕೂಟಗಳಲ್ಲಿ ಹೇಳಿದಳು. ಕೂಟಕ್ಕೆ ಗಂಡಸರೂ ಬರತೊಡಗಿದರು. ವಸಾಹತಿನ ಬಹುತೇಕ ಪಾಲಕರ ಉಪದೇಶ ಸರಿಯಿಲ್ಲವೆಂಬ ಮಾತು ಊರೆಲ್ಲ ಹರಡಿತು. 1637ರ ನವೆಂಬರಿನಲ್ಲಿ ವಿಚಾರಣೆ ನಡೆದಾಗ, ಗವರ್ನರ್ ವಿಂತ್ರಾಪ್‌ನ ಪ್ರಶ್ನೆಗಳಿಗೆ ಅವಳು ಬಹಳ ಹೊತ್ತು ಸಿಕ್ಕಿಬೀಳಲಿಲ್ಲ; ವಾದದಲ್ಲಿ ಅವನೇ ಹಿಂದೆ ಬಿದ್ದನೆಂದರೂ ತಪ್ಪಿಲ್ಲ. ಕೊನೆಗೆ ತನಗೆ ದೇವರಿಂದ ನೇರ ಪ್ರಕಟಣೆ ಬಂದಿದೆಯೆಂದು ಅವಳೇ ಹೇಳಿಬಿಟ್ಟಳು. ನ್ಯಾಯಾಲಯಕ್ಕೆ ಅಷ್ಟೇ ಬೇಕಿತ್ತು. ಗಡಿಪಾರು. ಮರುವರ್ಷದ ಮಾರ್ಚಿನಲ್ಲಿ ಸಭೆಯಿಂದಲೂ ಬಹಿಷ್ಕಾರ. ಅವಳ ಪಕ್ಷದವರೆಂದು 70ಕ್ಕೂ ಹೆಚ್ಚು ಗಂಡಸರಿಂದ ಬಂದೂಕು, ಮದ್ದು ಕಸಿದುಕೊಂಡರು. ವಿಚಿತ್ರವೆಂದರೆ, ಪ್ರಕಟಣೆಯಿಲ್ಲದೆ ನಿಶ್ಚಯವಿಲ್ಲವೆಂದ ಟ್ರೆಂಟ್ ಮಹಾಸಭೆಗೂ ಪ್ರಕಟಣೆಯೇ ನಿಶ್ಚಯವೆಂದ ಈ ಹೆಂಗಸಿಗೂ ನಡುವೆ ದೂರ ಬಹಳವಿರಲಿಲ್ಲ. ಈ ಮಾತು ಕೇಳಿದ್ದರೆ ಇಬ್ಬರಿಗೂ ಸಿಟ್ಟು ಬರುತ್ತಿತ್ತು.

ಮುಂದಿನ ಪೆಟ್ಟು ವಿರೋಧಿಗಳಿಂದ ಬರಲಿಲ್ಲ, ಮಕ್ಕಳಿಂದ ಬಂತು. ಚಿಕ್ಕಂದಿನಲ್ಲೇ ದೀಕ್ಷಾಸ್ನಾನ ಪಡೆದು ಬೆಳೆದ ಎರಡನೆಯ ತಲೆಮಾರಿನವರು ಸಾಧು ಜನ, ಭಾನುವಾರ ತಪ್ಪಿಸುವವರಲ್ಲ. ಆದರೆ ಎದ್ದು ನಿಂತು ಹೇಳಲು ಅವರಲ್ಲಿ ಕಥೆ ಇರಲಿಲ್ಲ. ಇಂಗ್ಲೆಂಡಿನ ಬಿಷಪರ ಕಾಟವನ್ನು ಅವರು ಕಂಡಿರಲಿಲ್ಲ, ಸಮುದ್ರವನ್ನು ದಾಟಿರಲಿಲ್ಲ. ಹೀಗೆ ಅವರು ಪೂರ್ಣ ಸದಸ್ಯರಾಗದೆ ಉಳಿದ ಮೇಲೆ ಅವರಿಗೆ ಹುಟ್ಟಿದ ಮಕ್ಕಳಿಗೆ ಸ್ನಾನ ಕೊಡುವುದೋ ಬೇಡವೋ? ಬಿಗಿಹಿಡಿದರೆ ಮೊಮ್ಮಕ್ಕಳ ಕಾಲಕ್ಕೆ ಸಭೆ ಖಾಲಿ. 1662ರಲ್ಲಿ ಸೇರಿದ ಸಿನೋಡು, ಅಂದರೆ ಸಭೆಗಳ ಪ್ರತಿನಿಧಿಗಳ ಸಮ್ಮೇಳನ, ನಡುದಾರಿ ಹುಡುಕಿತು: ಸ್ನಾನ ಕೊಡಬಹುದು, ಪ್ರಭುಭೋಜನವಿಲ್ಲ, ಸಭೆಯಲ್ಲಿ ಮತವಿಲ್ಲ. ಇದಕ್ಕೆ ‘ಅರ್ಧದಾರಿಯ ಒಡಂಬಡಿಕೆ’ ಎಂದು ಹೆಸರು ಬಿತ್ತು. ಬಾಸ್ಟನ್ನಿನ ಮೊದಲ ಸಭೆ ಇದೇ ಜಗಳದಲ್ಲಿ ಒಡೆದು 1669ರಲ್ಲಿ ಇನ್ನೊಂದು ಸಭೆ ಹುಟ್ಟಿತು. 1691ರ ಹೊಸ ಸನದು ಮತದಾನದ ಹಕ್ಕನ್ನು ಸಭಾಸದಸ್ಯತ್ವದಿಂದ ಬಿಡಿಸಿ ಆಸ್ತಿಗೆ ಕಟ್ಟಿತು.

ಕಾನೂನು ಸಡಿಲವಾದರೂ ಮನೆಯೊಳಗಿನ ಭಯ ಸಡಿಲವಾಗಲಿಲ್ಲ. ಸೇಲಂ ಮಾಟಗಾತಿ ಮೊಕದ್ದಮೆಗಳ ನ್ಯಾಯಾಧೀಶರಲ್ಲಿ ಒಬ್ಬನಾಗಿದ್ದ ಸ್ಯಾಮ್ಯುಯೆಲ್ ಸೂಅಲ್‌ನ ದಿನಚರಿಯಲ್ಲಿ 1696ರ ಜನವರಿಯ ಒಂದು ರಾತ್ರಿಯ ವಿವರವಿದೆ. ಮನೆಗೆ ಬಂದವನಿಗೆ ಹೆಂಡತಿ ಬಾಗಿಲಲ್ಲೇ ಸಿಕ್ಕಿ ಸುದ್ದಿ ಹೇಳಿದಳು. ಹದಿನಾಲ್ಕರ ಮಗಳು ಬೆಟ್ಟಿ ಊಟವಾದ ಮೇಲೆ ಇದ್ದಕ್ಕಿದ್ದಂತೆ ಗೋಳೋ ಎಂದು ಅತ್ತು, ತನ್ನ ಪಾಪಗಳಿಗೆ ಕ್ಷಮೆ ಸಿಕ್ಕಿಲ್ಲ, ತಾನು ನರಕಕ್ಕೆ ಹೋಗುತ್ತೇನೆ ಎಂದಿದ್ದಳು. ಮನೆಯವರೆಲ್ಲ ಜತೆಗೆ ಅತ್ತಿದ್ದರು. ಅವಳನ್ನು ಹೆದರಿಸಿದ್ದು ಅಪ್ಪ ಕೆಲವು ದಿನ ಹಿಂದೆ ಓದಿ ಹೇಳಿದ್ದ ಒಂದು ಪ್ರಸಂಗ.

ಈ ಗಂಟನ್ನು ಬಿಡಿಸಲು ಅತ್ಯಂತ ಧೈರ್ಯದ ಉಪಾಯ ಮಾಡಿದವನು ಕನೆಕ್ಟಿಕಟ್ ನದಿಯ ದಂಡೆಯ ನಾರ್ತಾಂಪ್ಟನ್ ಊರಿನ ಸಾಲಮನ್ ಸ್ಟಾಡರ್ಡ್. ಯಾರ ಹೃದಯದಲ್ಲಿ ಏನಿದೆಯೆಂದು ಯಾರಿಗೆ ಗೊತ್ತು, ಸಭ್ಯವಾಗಿ ಬದುಕುವವರೆಲ್ಲ ಪ್ರಭುಭೋಜನಕ್ಕೆ ಬರಲಿ, ಅಲ್ಲೇ ಮಾರ್ಪಾಡಾದರೂ ಆದೀತು ಎಂದ. ಅವನು ತೀರಿಕೊಂಡ ಮೇಲೆ, 1729ರಲ್ಲಿ, ಆ ಪೀಠಕ್ಕೆ ಬಂದವನು ಅವನ ಮಗಳ ಮಗ ಜೊನಾಥನ್ ಎಡ್ವರ್ಡ್ಸ್.

1734ರ ಕೊನೆಗೆ ನಾರ್ತಾಂಪ್ಟನ್ನಿಗೆ ಧಾರ್ಮಿಕ ಉಜ್ಜೀವನದ ಬೆಂಕಿ ಹತ್ತಿದಂತಾಯಿತು. ಆರು ತಿಂಗಳಲ್ಲಿ ಸುಮಾರು 300 ಮಂದಿ ರಕ್ಷಣೆ ಹೊಂದಿದರೆಂದು ಎಡ್ವರ್ಡ್ಸ್‌ನ ಅಂದಾಜು. ಅವರಲ್ಲಿ ನಾಲ್ಕು ವರ್ಷದ ಫೀಬಿ ಬಾರ್ಟ್ಲೆಟ್ ಎಂಬ ಹುಡುಗಿಯೂ ಇದ್ದಳು. ಕೋಣೆ ಸೇರಿ ಅತ್ತು ಪ್ರಾರ್ಥಿಸಿ, ಸಮಾಧಾನಗೊಂಡು ಹೊರಗೆ ಬಂದಳೆಂದು ಅವನು ವಿವರವಾಗಿ ಬರೆದಿದ್ದಾನೆ. ಇಂದಿನ ಓದುಗರಿಗೆ ಆ ಪುಟಗಳು ಸಂತೋಷಕ್ಕಿಂತ ಹೆಚ್ಚಾಗಿ ಕಸಿವಿಸಿ ತರುತ್ತವೆ. ಅದೇ ಬಿಸಿಯಲ್ಲಿ, 1735ರ ಜೂನ್ 1ರ ಭಾನುವಾರ ಬೆಳಿಗ್ಗೆ, ಊರಿನ ಗಣ್ಯ ವ್ಯಾಪಾರಿ, ಎಡ್ವರ್ಡ್ಸ್‌ನ ಚಿಕ್ಕಮ್ಮನ ಗಂಡ ಜೋಸೆಫ್ ಹಾಲಿ ಕತ್ತು ಕೊಯ್ದುಕೊಂಡು ಸತ್ತ. ತನ್ನ ಆತ್ಮದ ಗತಿಯ ಚಿಂತೆಯಲ್ಲಿ ಅವನು ನಿದ್ದೆಗೆಟ್ಟಿದ್ದ. ಆ ಬಳಿಕ ಎಷ್ಟೋ ಜನಕ್ಕೆ, ನೀನೂ ಹಾಗೇ ಮಾಡು ಎಂದು ಯಾರೋ ಪ್ರೇರಿಸಿದಂತಾಗುತ್ತಿತ್ತೆಂದು ಎಡ್ವರ್ಡ್ಸ್ ಮುಚ್ಚಿಡದೆ ದಾಖಲಿಸಿದ್ದಾನೆ. ಉಜ್ಜೀವನದ ಕಾವು ಅಲ್ಲಿಗೆ ಇಳಿಯಿತು.

ಈ ಉಜ್ಜೀವನದ ಬಗ್ಗೆ ಅವನು ಬರೆದ ವರದಿ 1737ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಮರುವರ್ಷದ ಅಕ್ಟೋಬರಿನಲ್ಲಿ ಲಂಡನ್ನಿನಿಂದ ಆಕ್ಸ್‌ಫರ್ಡಿಗೆ ನಡೆಯುತ್ತ ಅದನ್ನು ಓದಿದವನು ಜಾನ್ ವೆಸ್ಲಿ. ಅದೇ ವರ್ಷದ ಮೇ ತಿಂಗಳಲ್ಲಿ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟದಲ್ಲಿ ತನ್ನ ಪಾಪಗಳು ನೀಗಿದವೆಂಬ ಭರವಸೆ ಅವನಿಗೆ ಹುಟ್ಟಿತ್ತು. ಅವನು ಕಟ್ಟಿದ ಮೆಥಡಿಸ್ಟ್ ಪಂಥದ ಕೂಟಗಳಲ್ಲಿ ಸಾಕ್ಷಿ ಹೇಳುವುದು ಮತ ಹಾಕುವ ಹಕ್ಕಿಗಲ್ಲ, ಒಬ್ಬರಿಗೊಬ್ಬರು ಧೈರ್ಯ ತುಂಬುವುದಕ್ಕೆ. ಆ ರೂಢಿ ಹತ್ತೊಂಬತ್ತನೆಯ ಶತಮಾನದಲ್ಲಿ ವೆಸ್ಲಿಯನ್ ಮಿಷನರಿಗಳ ಜತೆ ಬೆಂಗಳೂರು, ಮೈಸೂರುಗಳಿಗೂ ಬಂತು.

ನಾರ್ತಾಂಪ್ಟನ್ನಿನಲ್ಲಿ ಮಾತ್ರ ಎಡ್ವರ್ಡ್ಸ್‌ಗೆ ಸಂಶಯ ಬೆಳೆಯುತ್ತಿತ್ತು. ರಕ್ಷಣೆ ಹೊಂದಿದೆವೆಂದವರಲ್ಲಿ ಹಲವರು ಹಳೆಯ ಜಗಳ, ಹಳೆಯ ಜಿಪುಣತನಕ್ಕೆ ಮರಳಿದ್ದರು. 1746ರ ತನ್ನ ಗ್ರಂಥದಲ್ಲಿ ಅವನು ನಂಬಲಾಗದ 12 ಗುರುತುಗಳನ್ನು ಮೊದಲು ಹೇಳಿದ: ಕಣ್ಣೀರು, ಮೈನಡುಕ, ಬಾಯಿತುಂಬ ವಚನ, ತನಗೆ ಖಚಿತವೆಂಬ ಭಾವ ಯಾವುದೂ ಪುರಾವೆಯಲ್ಲ. ನಂತರ ನಿಜವಾದ 12 ಗುರುತುಗಳು. ಕೊನೆಯದು, ಎಲ್ಲಕ್ಕಿಂತ ಭಾರವಾದದ್ದು, ದೀರ್ಘಕಾಲದ ನಡತೆ. ಹಚಿನ್ಸನ್ ಅಲ್ಲಗಳೆದಿದ್ದ ಜಾಗಕ್ಕೇ ಅವನು ಬಂದು ನಿಂತ. ಬಳಿಕ ತಾತ ತೆರೆದಿಟ್ಟಿದ್ದ ಪ್ರಭುಭೋಜನವನ್ನು ಮೊಮ್ಮಗ ಮುಚ್ಚಹೊರಟ: ಹೃದಯದಿಂದ ನಂಬಿದ್ದೇನೆಂದು ಹೇಳದವರನ್ನು ಸೇರಿಸುವುದಿಲ್ಲ. ಊರು ಸಿಡಿಯಿತು. 1750ರ ಜೂನ್ 22ರಂದು, 20 ವರ್ಷಕ್ಕೂ ಹೆಚ್ಚು ಕಾಲ ಸೇವೆ ಮಾಡಿದ ಪಾಲಕನನ್ನು ಸಭೆ ದೊಡ್ಡ ಬಹುಮತದಿಂದ ಕಳಿಸಿಬಿಟ್ಟಿತು. ಬದಲಿ ಪಾಲಕ ಸಿಗದೆ ಕೆಲವು ತಿಂಗಳು ಅವನನ್ನೇ ಪ್ರಸಂಗಕ್ಕೆ ಕರೆದರು ಎಂಬುದು ಊರಿನ ಸಂಕೋಚವೋ ಮೊಂಡುತನವೋ ತಿಳಿಯದು.

ಎದುರು ಪಕ್ಷದ ಮುಂದಾಳುಗಳಲ್ಲಿ ಒಬ್ಬ ತರುಣ ವಕೀಲ, ಕತ್ತು ಕೊಯ್ದುಕೊಂಡ ಹಾಲಿಯ ಮಗ. ಅವನ ಹೆಸರೂ ಜೋಸೆಫ್ ಹಾಲಿಯೇ. ಎಡ್ವರ್ಡ್ಸ್ 1758ರಲ್ಲಿ ಪ್ರಿನ್ಸ್‌ಟನ್ನಿನಲ್ಲಿ ಸಿಡುಬಿನ ಚುಚ್ಚುಮದ್ದಿನ ಬಾಧೆಯಿಂದ ತೀರಿಕೊಂಡ. ಅದಾಗಿ ಎರಡು ವರ್ಷಕ್ಕೆ, 1760ರ ಮೇ ತಿಂಗಳಲ್ಲಿ, ಹಾಲಿ ಒಬ್ಬ ಪಾಲಕನಿಗೆ ಬರೆದ ದೀರ್ಘ ಪತ್ರ ಬಾಸ್ಟನ್ನಿನ ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ದಿನಗಳಲ್ಲಿ ತಾನು ಅಹಂಕಾರದಿಂದ, ಕಟುವಾಗಿ ನಡೆದುಕೊಂಡೆನೆಂದೂ ಅದು ಪಾಪವೆಂದೂ ಒಪ್ಪಿಕೊಂಡು, ದೇವರ ಮತ್ತು ಜನರ ಕ್ಷಮೆಯನ್ನು ಅವನು ಅಲ್ಲಿ ಕೇಳಿದ್ದ.