ಚೆರ್ನೋಬಿಲ್ ಸುರಕ್ಷತಾ ನಿಧಿಗಳು

ಉಕ್ರೇನಿನ ಚೆರ್ನೋಬಿಲ್ ಅಣುವಿದ್ಯುತ್ ಸ್ಥಾವರದಲ್ಲಿ 1986ರ ಏಪ್ರಿಲ್ 26ರಂದು ಸಿಡಿದ ನಾಲ್ಕನೇ ಘಟಕವನ್ನು ಭದ್ರಪಡಿಸಲು ಮತ್ತು ಸ್ಥಾವರವನ್ನು ಮುಚ್ಚಲು ಹಲವು ದೇಶಗಳು ಕೂಡಿಸಿದ ಹಣ. ಇದನ್ನು ಒಂದೇ ನಿಧಿ ಎಂದು ಬರೆಯುವ ರೂಢಿಯಿದೆ. ಆದರೆ ನಿಧಿಗಳು ಮೂರು. ಮೂರರ ಲೆಕ್ಕವನ್ನೂ ಇಟ್ಟದ್ದು ಲಂಡನ್ನಿನ ಐರೋಪ್ಯ ಪುನರ್ನಿರ್ಮಾಣ ಮತ್ತು ಅಭಿವೃದ್ಧಿ ಬ್ಯಾಂಕ್.

ಕೈಗಾದಂಥ ಭಾರತೀಯ ಸ್ಥಾವರಗಳಲ್ಲಿ ಮುಂದೊಂದು ದಿನ ಕಳಚುವ ಖರ್ಚಿಗೆಂದು ಯೂನಿಟ್ಟಿಗೆ 2 ಪೈಸೆ ಎತ್ತಿಡುತ್ತಾರೆ. ಆದರೆ ಚೆರ್ನೋಬಿಲ್ ಕಟ್ಟಿದ ಸೋವಿಯತ್ ಒಕ್ಕೂಟವೇ 1991ರಲ್ಲಿ ಇಲ್ಲವಾಯಿತು. ಹೊಣೆ ಬರಿಗೈಯ ಉಕ್ರೇನಿನ ಮೇಲೆ ಬಿತ್ತು. ಜಿ-7 ದೇಶಗಳು 1992ರಲ್ಲಿ ಮ್ಯೂನಿಕ್‌ನಲ್ಲಿ ಸೇರಿದಾಗ ನಡೆದ ಮಾತುಕತೆಯಿಂದ ಮರುವರ್ಷ ಅಣು ಸುರಕ್ಷತಾ ಖಾತೆ ಹುಟ್ಟಿತು. ಚೆರ್ನೋಬಿಲ್‌ನ ಬಳಸಿದ ಇಂಧನವನ್ನಿಡುವ ಕೋಠಿಗೆ ಈ ಖಾತೆಯಿಂದಲೇ ಹಣ ಹೋಯಿತು. 1999ರಲ್ಲಿ ಫ್ರಾಮಾಟೋಮ್ ಕಂಪನಿ ಪಡೆದ ಆ ಕೋಠಿಯ ಗುತ್ತಿಗೆ ನಡುವೆಯೇ ಮುರಿದು, 2007ರಲ್ಲಿ ಅಮೆರಿಕದ ಹೋಲ್ಟೆಕ್ ಕೈಗೆ ಹೋಯಿತು. ಮೊದಲ ಇಂಧನ ಒಳಗೆ ಸೇರಿದ್ದು 2020ರಲ್ಲಿ. ಸ್ಥಾವರದ ಕೊನೆಯ ಘಟಕ 2000ದ ಡಿಸೆಂಬರ್ 15ರಂದೇ ನಿಂತಿತ್ತು.

ಗೊಂದಲ ಹೆಚ್ಚಿರುವುದು ಎರಡನೆಯದಾದ ಚೆರ್ನೋಬಿಲ್ ಆಶ್ರಯ ನಿಧಿಯ (1997) ಅಂಕಿಗಳಲ್ಲಿ. ಅದರ ಯೋಜನೆಯ ಆರಂಭದ ಅಂದಾಜು 76.8 ಕೋಟಿ ಡಾಲರ್. ಸಿಡಿದ ಘಟಕವನ್ನು ಮುಚ್ಚಲು ಕಟ್ಟಿದ ಉಕ್ಕಿನ ಕಮಾನಿನ ವೆಚ್ಚ ಎಂದು ಒಬ್ಬರು 150 ಕೋಟಿ ಯೂರೋ ಬರೆದರೆ ಇನ್ನೊಬ್ಬರು 210 ಕೋಟಿ ಬರೆಯುತ್ತಾರೆ. ಮೊದಲನೆಯದು ಕಮಾನಿನದು ಮಾತ್ರ. ಎರಡನೆಯದರಲ್ಲಿ ಆ ಘಟಕವನ್ನು ಮೊದಲು ಮುಚ್ಚಿದ್ದ ಹಳೆಯ ಕಾಂಕ್ರೀಟ್ ಗೋರಿಯ ದುರಸ್ತಿಯೂ ಸೇರಿದ ಇಡೀ ಯೋಜನೆಯ ಲೆಕ್ಕವಿದೆ. ಕೊಟ್ಟವರು 45 ದಾನಿಗಳು, ಅವರಲ್ಲಿ ರಷ್ಯವೂ ಒಂದು. ಬ್ಯಾಂಕು ತನ್ನ ಗಳಿಕೆಯಿಂದಲೂ ಸೇರಿಸಿತು.

ಆ ಗೋರಿ 1986ರಲ್ಲಿ 206 ದಿನಗಳಲ್ಲಿ ಅವಸರದಿಂದ ಎದ್ದದ್ದು. ಅದನ್ನು ಮುಚ್ಚುವ ಕಮಾನನ್ನು ಅದರ ಮೇಲೆಯೇ ಕಟ್ಟಿದ್ದರೆ ಕಾರ್ಮಿಕರು ವಿಕಿರಣದಲ್ಲೇ ನಿಲ್ಲಬೇಕಾಗುತ್ತಿತ್ತು. ಆದ್ದರಿಂದ ಫ್ರೆಂಚ್ ಕಂಪನಿಗಳ ಕೂಟ ನೊವಾರ್ಕಾ 108 ಮೀಟರ್ ಎತ್ತರ, 257 ಮೀಟರ್ ಅಗಲದ ಉಕ್ಕಿನ ಕಮಾನನ್ನು ದೂರದಲ್ಲಿ ಕಟ್ಟಿ, ಹೈಡ್ರಾಲಿಕ್ ಜಾಕ್‌ಗಳಿಂದ 327 ಮೀಟರ್ ಜಾರಿಸಿ 2016ರ ನವೆಂಬರ್ 29ರಂದು ಗೋರಿಯ ಮೇಲೆ ಕೂರಿಸಿತು. ತೇರು ಎಳೆದಂತೆಯೇ ಸರಿ, ಆದರೆ ತೂಕ 36,000 ಟನ್. 2019ರಲ್ಲಿ ಅದು ಉಕ್ರೇನಿಗೆ ಹಸ್ತಾಂತರವಾಯಿತು. ಮುಂದಿನ ಕೆಲಸಕ್ಕೆಂದು 2020ರಲ್ಲಿ ಮೂರನೆಯದಾದ ಅಂತಾರಾಷ್ಟ್ರೀಯ ಚೆರ್ನೋಬಿಲ್ ಸಹಕಾರ ಖಾತೆ ತೆರೆಯಿತು.

ಬಾಳಿಕೆ 100 ವರ್ಷ ಎಂಬ ಲೆಕ್ಕ ಒಂಬತ್ತು ವರ್ಷ ತುಂಬುವ ಮೊದಲೇ ತಪ್ಪಿತು. 2022ರ ಫೆಬ್ರವರಿ 24ರಿಂದ ಮಾರ್ಚ್ ಕೊನೆಯವರೆಗೆ ಸ್ಥಾವರ ರಷ್ಯದ ಸೈನ್ಯದ ಹಿಡಿತದಲ್ಲಿತ್ತು. 2025ರ ಫೆಬ್ರವರಿ 14ರಂದು ಡ್ರೋನ್ ಒಂದು ಕಮಾನಿನ ಚಾವಣಿ ತೂತು ಮಾಡಿತು. ಪದರಗಳ ನಡುವೆ ಒಳಗೊಳಗೇ ಉರಿಯುತ್ತಿದ್ದ ಬೆಂಕಿಯನ್ನು ಹುಡುಕಿ ಆರಿಸಲು ಹೊರ ಹೊದಿಕೆಯಲ್ಲಿ ನೂರಾರು ಕಡೆ ಕೊರೆಯಬೇಕಾಯಿತು. ವಿಕಿರಣವನ್ನು ಒಳಗೇ ಹಿಡಿದಿಡುವ ಶಕ್ತಿಯನ್ನು ಕಮಾನು ಕಳೆದುಕೊಂಡಿದೆ, ಹೊರೆ ಹೊರುವ ಚೌಕಟ್ಟು ಗಟ್ಟಿಯಾಗಿದೆ ಎಂದು ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಅದೇ ಡಿಸೆಂಬರಿನಲ್ಲಿ ವರದಿ ಮಾಡಿತು. ಹಳೆಯ ಗೋರಿಯನ್ನು ಕಳಚಲೆಂದೇ ಕಮಾನಿನೊಳಗೆ ಕ್ರೇನುಗಳನ್ನು ತೂಗುಹಾಕಲಾಗಿದೆ. ಆ ಗೋರಿ ಇನ್ನೂ ಅಲ್ಲೇ ನಿಂತಿದೆ.