ಬಿಟ್ಟ ಸ್ಥಳ ತುಂಬಿದ ಕಥೆ

ಕಚೇರಿಯ ಅಚ್ಚಾದ ನಮೂನೆಗಳನ್ನು ನಾವೆಲ್ಲ ಬಲ್ಲೆವು. ಒಕ್ಕಣೆ ಒಂದೇ, ಹೆಸರು, ಊರು, ತಾರೀಖುಗಳಿಗೆ ಮಾತ್ರ ಜಾಗ ಬಿಟ್ಟಿರುತ್ತದೆ. ಕಂಪ್ಯೂಟರಿನ ಮಾಹಿತಿ ಭಂಡಾರವನ್ನು ಪ್ರಶ್ನಿಸುವವರೂ ಇದೇ ಉಪಾಯ ಹಿಡಿದರು.

1970ರಲ್ಲಿ ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ ಎಂಬುವರು, ಮಾಹಿತಿಯನ್ನೆಲ್ಲ ಕೋಷ್ಟಕಗಳಲ್ಲಿ ಅಳವಡಿಸಬಹುದೆಂದು ಪ್ರತಿಪಾದಿಸಿದರು. 1974ರಲ್ಲಿ ಅಲ್ಲಿಯವರೇ ಆದ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಆ ಕೋಷ್ಟಕಗಳನ್ನು ಪ್ರಶ್ನಿಸುವ ಭಾಷೆಯೊಂದನ್ನು ಪ್ರಕಟಿಸಿದರು. ‘ಸೀಕ್ವೆಲ್’ ಎಂದಿದ್ದ ಅದರ ಹೆಸರು ಮುಂದೆ ‘ಎಸ್‌ಕ್ಯೂಎಲ್’ ಆಯಿತು.

ಪ್ರಶ್ನೆಯನ್ನು ಕಡತದಲ್ಲಿ ಬರೆದಿಟ್ಟರೆ ದಿನವೂ ಬರೆಯುವ ಶ್ರಮ ತಪ್ಪುತ್ತದೆ, ನಿಜ. ಆದರೆ ಜನವರಿಯ ಲೆಕ್ಕಕ್ಕೆ ಬರೆದದ್ದು ಫೆಬ್ರವರಿಗೆ ಒದಗುವುದೆಂತು? ದಾರಿ 1970ರ ದಶಕದ ಯೂನಿಕ್ಸ್‌ನಲ್ಲಿಯೇ ಇತ್ತು. ಆಜ್ಞೆಯ ಜತೆ ಟೈಪು ಮಾಡಿದ ಪದಗಳು ಕಡತದೊಳಗೆ ಡಾಲರ್ ಚಿಹ್ನೆಯಿಟ್ಟ ಜಾಗಕ್ಕೆ ಹೋಗಿ ಕೂಡುತ್ತಿದ್ದವು. ಒರಾಕಲ್‌ನ ‘ಎಸ್‌ಕ್ಯೂಎಲ್ ಪ್ಲಸ್’ ಇದಕ್ಕೆ ಆಂಪರ್ಸಂಡ್ ಚಿಹ್ನೆಯನ್ನು ಬಳಸಿತು; ಪೋಸ್ಟ್‌ಗ್ರೆಸ್‌ನವರು ಕೋಲನ್ ಬಳಸಿದರು. ಒಂದೇ ಕಡತ ಹನ್ನೆರಡು ತಿಂಗಳಿಗೂ ಸಾಕಾಯಿತು.

ತೊಡಕಿರುವುದು ಇಲ್ಲಿಯೇ. ಪದವನ್ನು ಬಿಟ್ಟ ಸ್ಥಳದಲ್ಲಿ ಹಾಗೆಯೇ ಅಂಟಿಸಿದರೆ, ಅಚ್ಚಿನ ಅಕ್ಷರ ಯಾವುದು, ತುಂಬಿದ ಅಕ್ಷರ ಯಾವುದು ಎಂಬ ಭೇದ ಯಂತ್ರಕ್ಕೆ ತಿಳಿಯದು. ಈ ಭಾಷೆಯಲ್ಲಿ ಹೆಸರಿನ ಹಿಂದೂ ಮುಂದೂ ಒಂಟಿ ಉದ್ಧರಣ ಚಿಹ್ನೆ ಇರಬೇಕು. ನಮ್ಮ ಮಂಗಳೂರಿನ ಡಿಸೋಜರ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಮೊದಲಕ್ಷರದ ಬಳಿಕ ಅಂಥದೇ ಚಿಹ್ನೆ ಬರುತ್ತದೆಯಷ್ಟೆ! ಹೆಸರು ‘ಡಿ’ ಎಂಬಲ್ಲಿಗೇ ಮುಗಿಯಿತೆಂದು ಯಂತ್ರ ತಿಳಿಯುತ್ತದೆ. ಉಳಿದ ‘ಸೋಜ’ವನ್ನು ಪ್ರಶ್ನೆಯ ಭಾಗವೆಂದು ಓದಹೋಗಿ ಮುಗ್ಗರಿಸುತ್ತದೆ. ಆ ಜಾಗದಲ್ಲಿ ‘ಪಟ್ಟಿಯನ್ನೆಲ್ಲ ಅಳಿಸು’ ಎಂಬ ಅರ್ಥದ ಮಾತನ್ನು ದುರುಳನೊಬ್ಬ ಸೇರಿಸಿದರೆ ಗತಿಯೇನು? ಈ ಬಗೆಯ ಅಪಾಯವನ್ನು 1998ರ ಡಿಸೆಂಬರಿನಲ್ಲಿ ‘ಫ್ರಾಕ್’ ಪತ್ರಿಕೆಯ ಲೇಖನವೊಂದು ಬಯಲಿಗಿಟ್ಟಿತು.

ಪರಿಹಾರ ಸರಳ. ಮೊದಲು ಯಂತ್ರವು ಖಾಲಿ ಜಾಗ ಸಹಿತ ಪ್ರಶ್ನೆಯನ್ನು ಓದಿ ಅರ್ಥ ಮಾಡಿಕೊಳ್ಳಲಿ. ತುಂಬುವ ಪದವನ್ನು ಆಮೇಲೆ ಬೇರೆಯಾಗಿ ಒಪ್ಪಿಸಲಿ. ಆಗ ಪದ ಪದವಾಗಿಯೇ ಉಳಿಯುತ್ತದೆ, ಆಜ್ಞೆಯಾಗದು. ಕಡತದಲ್ಲಿ ಅಂಟಿಸಲೇಬೇಕಾದಾಗ ಒಳಗಿನ ಚಿಹ್ನೆಯನ್ನು ಸರಿಪಡಿಸಿ ಅಂಟಿಸುವ ಅನುಕೂಲವನ್ನು ಪೋಸ್ಟ್‌ಗ್ರೆಸ್‌ 2010ರಲ್ಲಿ ಒದಗಿಸಿತು.

ನಮ್ಮ ಮನೆಮನೆಯ ಮಕ್ಕಳು ಇಂದು ಈ ಉದ್ಯೋಗದಲ್ಲಿದ್ದಾರೆ. ಕೋಷ್ಟಕದ ಒಂದೊಂದು ಸಾಲೂ ಯಾರದೋ ಪಿಂಚಣಿ, ಯಾರದೋ ಪಡಿತರ. ಸಹಿ ಮಾಡುವ ಮುನ್ನ ಬಿಟ್ಟ ಸ್ಥಳದಲ್ಲಿ ಏನು ತುಂಬಿದೆಯೆಂದು ನೋಡುವ ಹಳೆಯ ಗುಮಾಸ್ತರ ಪಾಠ ಅವರಿಗೂ ಸಲ್ಲುತ್ತದೆ.