ಜರೀಗಿಡದಲ್ಲಿ ಕಂಡ ಕಬ್ಬಿಣದ ಸುರುಳಿ

ಜರೀಗಿಡದ ಎಳೆಯ ತುದಿ ಸುರುಳಿ ಸುತ್ತಿಕೊಂಡೇ ಮೇಲೇಳುತ್ತದೆ. ಅದನ್ನು ಹಲವು ಪಟ್ಟು ಹಿಗ್ಗಿಸಿದರೆ ಗಿಡ ಮರೆತುಹೋಗಿ, ಕಮ್ಮಾರ ಬಗ್ಗಿಸಿದ ಸರಳು ಕಣ್ಣಿಗೆ ಬೀಳುತ್ತದೆ. ಜರ್ಮನಿಯ ಕಾರ್ಲ್ ಬ್ಲಾಸ್‌ಫೆಲ್ಟ್ (1865-1932) ಚಿತ್ರ ತೆಗೆಯುತ್ತಿದ್ದುದು ಹಾಗೆ ಕಾಣಲೆಂದೇ.

ಛಾಯಾಗ್ರಹಣ ಈತನ ವೃತ್ತಿಯಲ್ಲ. ಹುಡುಗನಾಗಿದ್ದಾಗ ಕಲಿತದ್ದು ಕಬ್ಬಿಣದ ಎರಕ. ಮುಂದೆ ಬರ್ಲಿನ್ನಿನ ಕರಕುಶಲ ಕಲಾಶಾಲೆಯಲ್ಲಿ ಸುಮಾರು ಮೂರು ದಶಕ ಮೇಷ್ಟರ ಕೆಲಸ. ಯಾರೂ ತಿರುಗಿ ನೋಡದ ಕಳೆಗಿಡಗಳನ್ನು ತಂದು, ಸಾದಾ ರಟ್ಟಿನ ಮುಂದಿಟ್ಟು, ತಾನೇ ತಯಾರಿಸಿಕೊಂಡ ಕ್ಯಾಮೆರಾದಲ್ಲಿ ಸೆರೆಹಿಡಿಯುತ್ತಿದ್ದ. ಮೂವತ್ತು ಪಟ್ಟಿನವರೆಗೂ ಹಿಗ್ಗಿಸಿದ ಆ ಚಿತ್ರಗಳು ಆತನಿಗೆ ಪಾಠೋಪಕರಣ, ಅಷ್ಟೇ. ಕಂಬ, ಕಮಾನು, ಕಿಟಕಿಯ ಜಾಲರಿ ಎಲ್ಲದರ ವಿನ್ಯಾಸವೂ ಗಿಡದಲ್ಲಿ ಮೊದಲೇ ಇದೆ ಎಂಬುದು ಪಾಠ.

1926ರಲ್ಲಿ ಬರ್ಲಿನ್ನಿನ ಕಲಾವ್ಯಾಪಾರಿ ಕಾರ್ಲ್ ನೀರೆಂಡಾರ್ಫ್ ಅವನ್ನು ಪ್ರದರ್ಶಿಸಿದ. 1928ರಲ್ಲಿ 120 ಚಿತ್ರಗಳ ‘ಕಲೆಯ ಮೂಲರೂಪಗಳು’ ಹೊರಬಂತು. ಅರವತ್ತು ದಾಟಿದ ಮೇಷ್ಟರಿಗೆ ಒಮ್ಮೆಲೇ ಹೆಸರು ಬಂತು. ವಿಮರ್ಶಕ ವಾಲ್ಟರ್ ಬೆಂಜಮಿನ್ ಕೂಡ ಮೆಚ್ಚಿ ಬರೆದ.

ಆದರೆ ಒಂದು ತಕರಾರಿದೆ. ಆಕಾರ ಎದ್ದು ಕಾಣಲೆಂದು ಬ್ಲಾಸ್‌ಫೆಲ್ಟ್ ಬೇಡದ ಎಲೆಗಳನ್ನು ಕತ್ತರಿಸಿ ಹಾಕುತ್ತಿದ್ದ. ಪ್ರಕೃತಿಯೇ ಗುರು ಎಂದವನು ಗುರುವಿಗೇ ಕ್ಷೌರ ಮಾಡಿದಂತೆ! ಇದನ್ನು ಮೋಸವೆನ್ನುವುದು ಕಷ್ಟ. ಕರಿಹಲಗೆಯ ಮೇಲೆ ಬೇಡದ ಗೆರೆ ಅಳಿಸುವ ಮೇಷ್ಟರ ಅಭ್ಯಾಸವೇ ಇಲ್ಲಿಯೂ ಕಾಣುತ್ತದೆ. ಎರಡನೆಯ ಪುಸ್ತಕ ಬಂದ 1932ರಲ್ಲೇ ಆತ ತೀರಿಕೊಂಡ.